ಯಾವುದಕ್ಕೆ ಸಾಪೇಕ್ಷ?

ವಾದದಲ್ಲಿ ಸೋಲುವ ಹೊತ್ತಿಗೆ ಯಾರಾದರೊಬ್ಬರು ‘ಎಲ್ಲವೂ ಸಾಪೇಕ್ಷ ಕಣ್ರೀ, ಐನ್‌ಸ್ಟೈನೇ ಹೇಳಿದ್ದಾರಲ್ಲ’ ಎನ್ನುತ್ತಾರೆ. ಹೇಳಿಲ್ಲ. ಅವರ 1905ರ ಪ್ರಬಂಧ ನಿಂತಿರುವುದೇ, ಸಮವೇಗದಲ್ಲಿ ಸಾಗುವ ಯಾರು ಅಳೆದರೂ ನಿರ್ವಾತದಲ್ಲಿ ಬೆಳಕಿನ ವೇಗ ಬದಲಾಗದು ಎಂಬ ಮಾತಿನ ಮೇಲೆ. ಅದಿರಲಿ, ಎಡವಟ್ಟು ಶುರುವಾಗುವುದು ಹೈಸ್ಕೂಲಿನ ಸಾಪೇಕ್ಷ ಚಲನೆಯಲ್ಲೇ, ಅಂದರೆ ಒಂದರ ಚಲನೆಯನ್ನು ಇನ್ನೊಂದಕ್ಕೆ ಹೋಲಿಸಿ ಅಳೆಯುವಲ್ಲೇ.

ಎದುರುಬದುರು ರೈಲುಗಳ ಲೆಕ್ಕ ಎಲ್ಲರಿಗೂ ಗೊತ್ತು, ಬಿಡಿ. ಹಾಸನದ ಇಸ್ರೋ ನಿಯಂತ್ರಣ ಕೇಂದ್ರದ ಅಂಗಳದಿಂದ ಅಳೆದರೆ ಭೂಸ್ಥಿರ ಉಪಗ್ರಹ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಭೂಮಿಯ ಕೇಂದ್ರದಲ್ಲಿ ನೆಟ್ಟು ನಕ್ಷತ್ರಗಳತ್ತ ಚಾಚಿದ ಅಕ್ಷಗಳಿಂದ ಅಳೆದರೆ ಸೆಕೆಂಡಿಗೆ ಸುಮಾರು 3 ಕಿ.ಮೀ. ಓಡುತ್ತಿದೆ. ಎರಡೂ ಸರಿ. ಭೂಮಿಯ ತಿರುಗುವಿಕೆ ಗೊತ್ತಿದ್ದರೆ ಒಂದರಿಂದ ಇನ್ನೊಂದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಜನರ ಅಭಿಪ್ರಾಯಗಳಿಗೆ ಆ ಗುಣವಿಲ್ಲ.

ಚಲನೆ ಅಳೆಯಲು ನೆಲೆಯಾಗಿ ಹಿಡಿಯುವ ಆಧಾರ ಚೌಕಟ್ಟನ್ನು ‘ನೋಡುವವರ ದೃಷ್ಟಿ’ ಎಂದು ವಿವರಿಸುವವರಿಂದಲೇ ಈ ಗೊಂದಲ. ಅದಕ್ಕೆ ನೋಡುವವರೇ ಬೇಕಿಲ್ಲ. ಒಂದು ಮೂಲಬಿಂದು, ಮೂರು ಅಕ್ಷ, ಒಂದು ಗಡಿಯಾರ ಇದ್ದರಾಯಿತು. ರೈಲಿನ ಕಿಟಕಿಗೆ ಮುಖವೊಡ್ಡಿ ಕೂತವರು, ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುವವರು, ಸೀಟಿನಡಿಯ ಸೂಟ್‌ಕೇಸು, ಎಲ್ಲ ಒಂದೇ ಚೌಕಟ್ಟಿನಲ್ಲಿ ನಿಶ್ಚಲ. ಪ್ಲಾಟ್‌ಫಾರ್ಮಿನಲ್ಲಿ ನಿಂತೇ ನೀವು ರೈಲಿನ ಚೌಕಟ್ಟಿನಲ್ಲಿ ಲೆಕ್ಕ ಹಾಕಬಹುದು. ಯಾರೂ ಟಿಕೆಟ್ ಕೇಳುವುದಿಲ್ಲ.

ಹಾಗೆಂದು ಎಲ್ಲ ಚೌಕಟ್ಟುಗಳೂ ಸಮಾನವಲ್ಲ. ಹಡಗು ಅಲುಗಾಡದೆ ಸಮವೇಗದಲ್ಲಿ ಸಾಗುವಾಗ ಒಳಕೋಣೆಯಲ್ಲಿ ಹನಿ ತೊಟ್ಟಿಕ್ಕುವುದೂ ಚಿಟ್ಟೆ ಹಾರುವುದೂ ಬಂದರಿನಲ್ಲಿದ್ದಂತೆಯೇ ಎಂದು ಗೆಲಿಲಿಯೋ 1632ರಲ್ಲಿ ಬರೆದರು. ರೈಲಿಗೆ ಬ್ರೇಕ್ ಬಿದ್ದರೆ ಕಥೆ ಬೇರೆ. ಕಣ್ಣು ಮುಚ್ಚಿದ್ದವರಿಗೂ ಗೊತ್ತಾಗುತ್ತದೆ. ತಿರುಗುವ ಭೂಮಿಗೆ ಅಂಟಿದ ಹಾಸನದ ಚೌಕಟ್ಟಿನಲ್ಲೂ ಇದೇ ತಕರಾರು: ಭೂಮಿ ಎಳೆಯುತ್ತಿದ್ದರೂ ‘ನಿಂತ’ ಉಪಗ್ರಹ ಏಕೆ ಬೀಳದು? ಉತ್ತರಕ್ಕಾಗಿ ಹೊರಕ್ಕೆ ತಳ್ಳುವ ಅಪಕೇಂದ್ರ ಬಲವೊಂದನ್ನು ಸೇರಿಸಿಕೊಳ್ಳಬೇಕು. ನಕ್ಷತ್ರಗಳ ಚೌಕಟ್ಟಿನಲ್ಲಿ ಅದರ ಹಂಗಿಲ್ಲ. ಭೂಮಿಯ ಎಳೆತವೇ ಉಪಗ್ರಹದ ದಾರಿಯನ್ನು ಬಾಗಿಸುತ್ತದೆ.

ಮುಂದೆ ಸಾಗುವ ದೋಣಿಯವನಿಗೆ ದಡ ಹಿಂದೆ ಸರಿದಂತೆ ಕಾಣುವ ಹಾಗೆ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ ಎಂದು ಆರ್ಯಭಟ ಬರೆದದ್ದು 5ನೇ ಶತಮಾನದ ಕೊನೆಯಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಇದನ್ನೇ ಐನ್‌ಸ್ಟೈನ್ ಸಿದ್ಧಾಂತವೆಂದು ಹಂಚುತ್ತಾರೆ. ಇಲ್ಲಿ ಬೆಳಕಿನ ವೇಗದ ಸುದ್ದಿಯೇ ಇಲ್ಲ. ‘ಭೂಮಿ ತಿರುಗಿದರೇನು, ಆಕಾಶ ತಿರುಗಿದರೇನು, ಎರಡೂ ಒಂದೇ’ ಎನ್ನುವವರು 1851ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಫೂಕೋ ಪ್ಯಾರಿಸ್‌ನ ಪ್ಯಾಂಥಿಯಾನ್‌ನಲ್ಲಿ 67 ಮೀಟರ್ ತಂತಿಗೆ ತೂಗುಬಿಟ್ಟ ಲೋಲಕದ ಬಗ್ಗೆ ಓದಲಿ. ಆಕಾಶದತ್ತ ಕಣ್ಣೆತ್ತಬೇಕಿಲ್ಲ, ಚಾವಣಿಯ ಕೆಳಗೇ ಅದರ ತೂಗಾಟದ ದಿಕ್ಕು ಗಂಟೆಗೆ ಸುಮಾರು 11 ಡಿಗ್ರಿ ತಿರುಗುತ್ತದೆ. ತಿರುಗುತ್ತಿರುವುದು ಭೂಮಿಯೇ ಎಂಬುದಕ್ಕೆ ಅದೇ ಸಾಕ್ಷಿ.