ಫ್ರಾನ್ಸಿಸ್ ಮಗಲೋನಾ: ಮನಿಲಾದ ರ‍್ಯಾಪ್‌ಗೆ ಸ್ವಂತ ದನಿ ಬಂದ ಕಥೆ

ಫಿಲಿಪ್ಪೀನ್ಸ್‌ಗೆ ರ‍್ಯಾಪ್ ತಂದದ್ದೇ ಅಲ್ಲಿನ ಗಾಯಕ ಫ್ರಾನ್ಸಿಸ್ ಮಗಲೋನಾ ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ಪೂರ್ತಿ ನಿಜವಲ್ಲ. ಅಮೆರಿಕದ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ಬಂದದ್ದು 1979ರಲ್ಲಿ. ಮರುವರ್ಷವೇ ಫಿಲಿಪ್ಪೀನ್ಸ್‌ನ ಜೋರ್ಡ್ಸ್ ಹಾವಿಯೆರ್ ಅದನ್ನು ಅಣಕಿಸಿ ‘ನಾ ಓನ್ಸೆಂಗ್ ಡಿಲೈಟ್’ ಹಾಡಿದ್ದರು. ಮುಂದಿನ ಹತ್ತು ವರ್ಷ ಅಲ್ಲಿ ರ‍್ಯಾಪ್ ಅಂದರೆ ಹೆಚ್ಚುಕಮ್ಮಿ ಅಷ್ಟೇ, ನಗಿಸುವ ಹಾಡು.

ಆ ಬಗೆಯ ಹಾಡಿನಲ್ಲಿ ದೇಶದ ಬಗ್ಗೆಯೂ ಮಾತಾಡಬಹುದು ಎಂದು ತೋರಿಸಿಕೊಟ್ಟವರು ಮಗಲೋನಾ. ನನ್ನ ಪ್ರಕಾರ ಅವರ ದೊಡ್ಡತನ ಇರುವುದು ಅಲ್ಲೇ.

ಅವರು ಹುಟ್ಟಿದ್ದು 1964ರ ಅಕ್ಟೋಬರ್ 4ರಂದು. ಅಪ್ಪ ಪಂಚೋ ಮಗಲೋನಾ, ಅಮ್ಮ ತೀತಾ ದುರಾನ್ ಇಬ್ಬರೂ ಫಿಲಿಪಿನೋ ಸಿನಿಮಾದ ಹೆಸರಾಂತ ಜೋಡಿ. ಮಗ ಮಾತ್ರ ಮೊದಲು ಹಿಡಿದದ್ದು ಬ್ರೇಕ್‌ಡ್ಯಾನ್ಸ್ ದಾರಿ. ಜೊತೆಗೆ ಒಂದಿಷ್ಟು ಸಿನಿಮಾ ಪಾತ್ರಗಳು.

1990ರಲ್ಲಿ ‘ಯೋ!’ ಆಲ್ಬಂ ಬಂತು. ವಾಣಿಜ್ಯವಾಗಿ ಬಿಡುಗಡೆಯಾದ ಅಲ್ಲಿನ ಮೊದಲ ರ‍್ಯಾಪ್ ಆಲ್ಬಂ ಎಂದು ಅದನ್ನು ಗುರುತಿಸುತ್ತಾರೆ. ಅದರಲ್ಲಿ ಇಂಗ್ಲಿಷ್ ಹಾಡುಗಳೂ ಇದ್ದವು. ಆದರೆ ಮನೆಮನೆಗೆ ತಲುಪಿದ್ದು ಅಲ್ಲಿನ ಭಾಷೆಯಾದ ತಗಾಲೊಗ್‌ನ ‘ಮ್ಗಾ ಕಬಾಬಾಯನ್’. ದೇಶಬಾಂಧವರನ್ನು ನೇರವಾಗಿ ಕರೆದು, ನಮ್ಮತನದ ಬಗ್ಗೆ ನಾಚಿಕೆ ಯಾಕೆ ಎಂದು ಕೇಳುವ ಹಾಡು ಅದು.

ಆ ಪ್ರಶ್ನೆಗೆ ಅಷ್ಟು ಬಲ ಬಂದದ್ದು ಕಾಲದಿಂದ. ಜನ ಬೀದಿಗಿಳಿದು ಸರ್ವಾಧಿಕಾರಿ ಮಾರ್ಕೋಸ್ ಆಡಳಿತ ಕೆಡವಿ ಆಗಿನ್ನೂ ನಾಲ್ಕೇ ವರ್ಷ. ಕ್ಲಾರ್ಕ್ ಮತ್ತು ಸೂಬಿಕ್‌ನಲ್ಲಿ ಅಮೆರಿಕದ ಸೇನಾ ನೆಲೆಗಳು ಇನ್ನೂ ಇದ್ದವು. ಅವು ಬೇಕೋ ಬೇಡವೋ ಎಂಬ ಜಗಳ ಕಾವೇರಿತ್ತು. 1991ರ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್ ಸೆನೆಟ್ ನೆಲೆಗಳನ್ನು ಮುಂದುವರಿಸುವ ಹೊಸ ಒಪ್ಪಂದವನ್ನು ತಿರಸ್ಕರಿಸಿತು. ಮರುವರ್ಷ ನವೆಂಬರ್‌ನಲ್ಲಿ ಅಮೆರಿಕದ ಸೇನೆ ಸೂಬಿಕ್ ಬಿಟ್ಟು ಹೋಯಿತು. ಅಮೆರಿಕದಿಂದ ಬಂದ ಸಂಗೀತದಲ್ಲೇ ಒಬ್ಬ ಹುಡುಗ ‘ನಾನು ಮನಿಲಾದವನು’ ಎಂದು ಹಾಡಿದ್ದು ಇದೇ ವರ್ಷಗಳಲ್ಲಿ. ಸುಮ್ನೆ ಫ್ಯಾಷನ್ ಆಗಿದ್ದರೆ ಅದು ಇಷ್ಟು ದಿನ ಉಳಿಯುತ್ತಿತ್ತಾ?

1992ರ ‘ರ‍್ಯಾಪ್ ಈಸ್ ಫ್ರಾನ್ಸಿಸ್ಎಂ’ ಆಲ್ಬಂ ಇನ್ನೂ ನೇರ. ಮಾದಕ ವ್ಯಸನ, ಚುನಾವಣೆ, ಪರದೇಶದ್ದೇ ಮೇಲು ಎನ್ನುವ ವಸಾಹತು ಬುದ್ಧಿ ಎಲ್ಲವೂ ಅಲ್ಲಿವೆ. ಆಮೇಲೆ ರಾಕ್ ಕಡೆಗೂ ಹೊರಳಿದರು. 1995ರ ‘ಫ್ರೀಮನ್’ ಆಲ್ಬಂನ ‘ಕೆಲೈಡೋಸ್ಕೋಪ್ ವರ್ಲ್ಡ್’ ಬಣ್ಣ, ಜನಾಂಗಗಳ ಭೇದ ಮೀರಿ ಬದುಕೋಣ ಎನ್ನುತ್ತದೆ. ಆ ಹಾಡು ಇಂಗ್ಲಿಷ್‌ನಲ್ಲಿದೆ. ಸ್ವಾಭಿಮಾನ ಅಂದರೆ ಬಾಗಿಲು ಹಾಕಿಕೊಳ್ಳುವುದು ಎಂದು ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ನನಗೆ ಅವರಲ್ಲಿ ಜಾಸ್ತಿ ಇಷ್ಟವಾಗುವ ಗುಣ ಇದು.

ಮಧ್ಯಾಹ್ನದ ಟಿವಿ ಕಾರ್ಯಕ್ರಮ ‘ಈಟ್ ಬುಲಗಾ’ದ ನಿರೂಪಕರಾಗಿ ಹಾಡು ಕೇಳದವರಿಗೂ ಅವರು ಪರಿಚಿತರಾದರು. 2008ರಲ್ಲಿ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. 2009ರ ಮಾರ್ಚ್ 6ರಂದು ತೀರಿಕೊಂಡಾಗ ವಯಸ್ಸು ಬರೀ 44.

ಅಷ್ಟರಲ್ಲಿ ಮುಂದಿನವರು ತಯಾರಾಗಿದ್ದರು. ರಿಸಾಲ್ ಪ್ರಾಂತ್ಯದ ಬಿನಾಂಗೊನನ್ ಊರಿನ ರ‍್ಯಾಪರ್ ಗ್ಲಾಕ್-9, ಮಗಲೋನಾ ಜೊತೆ ಹಾಡಿಯೇ ಬೆಳೆದವರು. ಅದೇ 2009ರಲ್ಲಿ ಅವರ ‘ಉಪುವಾನ್’ ಬಂತು. ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ಬಡವನೊಬ್ಬ ತನ್ನ ಮನೆಯ ಸ್ಥಿತಿ ಹೇಳುವ ಹಾಡು ಅದು. 2010ರಲ್ಲಿ ಶುರುವಾದ ‘ಫ್ಲಿಪ್‌ಟಾಪ್’ ರ‍್ಯಾಪ್ ಸ್ಪರ್ಧೆಯಲ್ಲಿ ಹುಡುಗರು ತಗಾಲೊಗ್‌ನಲ್ಲೇ ಎದುರುಬದುರು ನಿಂತು ಪದ ಕಟ್ಟತೊಡಗಿದರು.