‘ಇಲ್ಲಿ ಅರ್ಥ ಇಲ್ಲ’: ಅರ್ಥಿಂಗ್ ಎಂದರೇನು?

ಕೊಪ್ಪಳದಲ್ಲಿ ನಮಗೆ ಪರಿಚಯದ ಮೇಷ್ಟ್ರೊಬ್ಬರು ನಿವೃತ್ತಿಯ ದುಡ್ಡಿನಲ್ಲಿ ಮನೆ ಕಟ್ಟಿಸಿದರು. ವೈರಿಂಗ್ ಮಾಡುವ ಹುಡುಗ ಮೆಟ್ಟಿಲ ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೆ, ತನಗೆ ಮರೆಯದಿರಲೆಂದು, ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದ: “ಇಲ್ಲಿ ಅರ್ಥ ಇಲ್ಲ.” ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದ ಮೇಷ್ಟ್ರು ಅದನ್ನು ಓದಿ, “ಎಲ್ಲಿದೆ ಎಂದು ನೀನಾದರೂ ತೋರಿಸಪ್ಪ” ಎಂದರಂತೆ.

ಹುಡುಗ ಬರೆದದ್ದು ಇಂಗ್ಲಿಷಿನ ‘ಅರ್ಥ್’, ಅಂದರೆ ಭೂಮಿ. ಪಠ್ಯಪುಸ್ತಕ ಅರ್ಥಿಂಗನ್ನು ಭೂಸಂಪರ್ಕ ಎನ್ನುತ್ತದೆ, ಅಮೆರಿಕದವರು ಗ್ರೌಂಡಿಂಗ್ ಎನ್ನುತ್ತಾರೆ. ಮೂರೂ ಪದಗಳಿಗೆ ಒಂದೇ ದೋಷವಿದೆ: ಮೂರೂ ಮಣ್ಣಿನ ಕಡೆಗೇ ಬೆರಳು ತೋರಿಸುತ್ತವೆ. ಹಾಗಾಗಿ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು, ಪೈಪು ಹೂತರೆ ಅರ್ಥಿಂಗ್ ಮುಗಿಯಿತೆಂದು ಜನ ತಿಳಿಯುತ್ತಾರೆ. ಮಿಕ್ಸಿ, ಬೋರ್‌ವೆಲ್ ಮೋಟಾರುಗಳ ಮಟ್ಟಿಗೆ ಇದು ಬಹುಪಾಲು ನಡೆಯುತ್ತದೆ. ಅವುಗಳ ಲೋಹದ ಮೈಗೆ ಸೋರಿದ ಕರೆಂಟು ಅರ್ಥಿಂಗಿನ ಹಸಿರು ತಂತಿ ಹಿಡಿದು ನೆಲಕ್ಕಿಳಿಯುತ್ತದೆ, 30 ಮಿಲಿಆಂಪಿಯರ್ ಸೋರಿಕೆಗೇ ಬಿದ್ದು ಕರೆಂಟು ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಇದ್ದರೆ ಅದು ತಟ್ಟನೆ ಬೀಳುತ್ತದೆ. ಪದದ ಉಳಿದರ್ಧ ತಿಳಿಯಬೇಕಾದರೆ ತಾರಸಿ ಹತ್ತಬೇಕು.

2025ರ ಜೂನ್‌ನಲ್ಲಿ ಉಪಗ್ರಹಗಳಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕ ಸುದ್ದಿ ಓದಿದಾಗಿನಿಂದ ಮೇಷ್ಟ್ರಿಗೆ ಟಿವಿ ಡಿಷ್‌ನ ಪಕ್ಕದಲ್ಲಿ ಇನ್ನೊಂದು ಕಂಬಕ್ಕೆ ಜಾಗ ಕಾದಿರಿಸುವ ಹಂಬಲ. ಟಿವಿ ಡಿಷ್ ನೋಡುವ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ; ಸ್ಟಾರ್‌ಲಿಂಕಿನವು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಿರುತ್ತವೆ. ಸಿಡಿಲಿಗೆ ಈ ವ್ಯತ್ಯಾಸ ಬೇಕಿಲ್ಲ. ಅದಕ್ಕೆ ಎರಡೂ ತಾರಸಿಯ ತುದಿಯಲ್ಲಿ ನಿಂತ ಕಬ್ಬಿಣದ ಕಂಬಗಳು, ಮನೆಯೊಳಕ್ಕೆ ಎಳೆದ ತಾಮ್ರದ ದಾರಿಗಳು.

ಕನ್ನಡದಲ್ಲಿ ಕಾಣುವುದು ಮಿಂಚು, ಕೇಳುವುದು ಗುಡುಗು, ಬಡಿಯುವುದು ಸಿಡಿಲು. ನೇರವಾಗಿ ಬಡಿದ ಸಿಡಿಲಿಗೆ ಯಾವ ಹಸಿರು ತಂತಿಯೂ ಪೂರ್ತಿ ಉತ್ತರವಲ್ಲ. ಡಿಷ್‌ನ ಅರ್ಥಿಂಗ್ ಇರುವುದು ಬೇರೆ ಎರಡಕ್ಕೆ. ಬೇಸಿಗೆಯ ಒಣ ಧೂಳುಗಾಳಿ ಕಂಬಕ್ಕೆ ಉಜ್ಜಿ ತುಂಬುವ ಸ್ಥಾಯಿ ವಿದ್ಯುತ್ತನ್ನು ಅದು ಸದ್ದಿಲ್ಲದೆ ಇಳಿಸುತ್ತದೆ. ಎಲ್ಲೋ ಪಕ್ಕದ ಹೊಲದ ಬೇವಿನ ಮರಕ್ಕೆ ಬಡಿದ ಸಿಡಿಲು ಕೇಬಲ್ಲಿನಲ್ಲಿ ಎಬ್ಬಿಸುವ ಅಲೆಗೆ ಮನೆಯ ಹೊರಗೇ ದಾರಿ ತೋರಿಸುತ್ತದೆ.

ಹುಡುಗನ ಲೆಕ್ಕ ಸರಳವಾಗಿತ್ತು: ಮೀಟರಿನ ಬಳಿ ಮನೆಗೊಂದು ಗುಂಡಿ, ಹಿತ್ತಲಲ್ಲಿ ಡಿಷ್‌ಗೆ ಬೇರೆಯದೇ ಗುಂಡಿ. “ಎರಡನ್ನೂ ಸೇರಿಸಿದರೆ ಸಿಡಿಲು ಮನೆಯೊಳಗೆ ಬರುವುದಿಲ್ಲವೇ ಸರ್?” ಕೇಳಿದವರಿಗೆ ಸರಿಯೆನಿಸುವ ಮಾತು. ಆದರೆ ಎಡವುವುದು ಇಲ್ಲಿಯೇ. ಸಾಮಾನ್ಯ ಸಿಡಿಲೊಂದರ ಹತ್ತರಲ್ಲೊಂದು ಪಾಲು, 3,000 ಆಂಪಿಯರ್, ಡಿಷ್ ಕಂಬದಿಂದ 10 ಓಮ್ ರೋಧದ ಹಿತ್ತಲ ಗುಂಡಿಗೆ ಇಳಿಯಿತೆನ್ನಿ. ಗುಣಿಸಿದರೆ 30,000 ವೋಲ್ಟ್. ಆ ಕ್ಷಣ ಕಂಬ 30,000ದಲ್ಲಿ, ಇನ್ನೊಂದು ಗುಂಡಿಯನ್ನು ನಂಬಿದ ರೂಟರ್ ಸೊನ್ನೆಯ ಹತ್ತಿರದಲ್ಲಿ, ನಡುವೆ ಪೆನ್ಸಿಲ್ ದಪ್ಪದ ಕೇಬಲ್. ಯಾವುದು ಸುಡುತ್ತದೆಂದು ಹೇಳಬೇಕಿಲ್ಲ.

ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಬೇಗ ತಿಳಿಯುತ್ತದೆ. ನೀರು ಏರಿದರೆ ಹರಿಗೋಲು, ಜನ, ಚೀಲ, ಮೇಕೆ ಎಲ್ಲ ಒಟ್ಟಿಗೆ ಏರುತ್ತವೆ, ಯಾರಿಗೂ ಏನೂ ಆಗುವುದಿಲ್ಲ. ಕಷ್ಟವಿರುವುದು ಒಂದು ಕಾಲು ಹರಿಗೋಲಿನಲ್ಲಿ, ಇನ್ನೊಂದು ಬಂಡೆಯ ಮೇಲೆ ಇಟ್ಟವನಿಗೆ. ಎರಡು ಗುಂಡಿಗಳನ್ನು ದಪ್ಪ ತಂತಿಯಿಂದ ಬೆಸೆದರೆ ಇಡೀ ಮನೆ ಒಂದೇ ಹರಿಗೋಲಿಗೆ ಬರುತ್ತದೆ. ಇದಕ್ಕೆ ಬಾಂಡಿಂಗ್ ಎನ್ನುತ್ತಾರೆ; ನಾನಾದರೆ ಬೆಸುಗೆ ಎನ್ನುತ್ತಿದ್ದೆ, ಆದರೆ ಆ ಪದವನ್ನು ವೆಲ್ಡಿಂಗ್‌ನವರು ಆಗಲೇ ಹಿಡಿದಿದ್ದಾರೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 810ನೆಯ ವಿಧಿ ಇಂಥ ಆಂಟೆನಾಗಳದ್ದೇ. ಕಂಬದಿಂದ ಇಳಿಯುವ ತಾಮ್ರ 10 ಗೇಜಿಗಿಂತ ಸಣ್ಣದಿರಬಾರದು, ಬೇರೆ ಗುಂಡಿಯಿದ್ದರೆ ಅದನ್ನು ಮನೆಯ ಅರ್ಥಿಂಗಿಗೆ 6 ಗೇಜಿನ ತಾಮ್ರದಿಂದ ಸೇರಿಸಲೇಬೇಕು ಎನ್ನುತ್ತದೆ ಅದು. ಅವರ ಗೇಜಿನ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ; ನಮ್ಮ ಅಂಗಡಿಯ ಲೆಕ್ಕದಲ್ಲಿ ಇವು ಕ್ರಮವಾಗಿ 6 ಮತ್ತು 16 ಚದರ ಮಿ.ಮೀ. ತಂತಿಗಳ ಹತ್ತಿರ ಬರುತ್ತವೆ.

ತಂತಿ ದಪ್ಪವಿದ್ದರೆ ಸಾಲದು, ನೇರವಾಗಿಯೂ ಇರಬೇಕು. ಉಳಿದ ತಂತಿಯನ್ನು ಪೆನ್ಸಿಲಿಗೆ ಸುತ್ತಿ ಸ್ಪ್ರಿಂಗಿನಂತೆ ಮಾಡುವ ಚಟ ನಮ್ಮ ಎಲೆಕ್ಟ್ರಿಷಿಯನ್ನರಿಗೆ ಇದೆ. ಸ್ವಿಚ್ ಬೋರ್ಡಿನೊಳಗೆ ಚೆಂದ, ಸಿಡಿಲಿನ ದಾರಿಯಲ್ಲಿ ಕೇಡು. ಸಿಡಿಲಿನ ಪ್ರವಾಹ ಮೈಕ್ರೋಸೆಕೆಂಡಿಗೆ 10,000 ಆಂಪಿಯರಿನಂತೆ ಏರಿದರೆ ನೇರ ತಂತಿಯಲ್ಲೇ ಮೀಟರಿಗೆ ಸುಮಾರು 10,000 ವೋಲ್ಟ್ ನಿಲ್ಲುತ್ತದೆ. ಸುರುಳಿಯಲ್ಲಿ ಇನ್ನೂ ಹೆಚ್ಚು. ಆಗ ಸಿಡಿಲು ತಂತಿಯನ್ನು ಬಿಟ್ಟು ಗೋಡೆಯನ್ನೇ ಹಾಯುತ್ತದೆ.

ಇನ್ನು ಮಣ್ಣು. ಅರ್ಥಿಂಗ್ ಕುರಿತ ಭಾರತೀಯ ಮಾನಕ 3043 ಹೇಳುವ ಪೈಪು ಕನಿಷ್ಠ 40 ಮಿ.ಮೀ. ಅಗಲ, ಎರಡೂವರೆ ಮೀಟರ್ ಉದ್ದ. ರಾಯಚೂರಿನ ಎರೆಭೂಮಿಯಲ್ಲಿ ಅದು ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ಹಸಿ ಇರುವಾಗ ಕರೆಂಟನ್ನು ಚೆನ್ನಾಗಿ ಹೀರುತ್ತದೆ. ಏಪ್ರಿಲ್ ಬಂದರೆ ಅದೇ ಎರೆ ಬಾಯಿ ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಮುಂಗಾರಿನ ಮುಂಚಿನ ಗುಡುಗು ಬರುವುದೂ ಆಗಲೇ, ಆದ್ದರಿಂದ ಗುಂಡಿಗೆ ನೀರು ಹಾಕುವುದು ತುಳಸಿಗೆ ಹಾಕುವಷ್ಟೇ ನೇಮದ ಕೆಲಸ. ಕೊಪ್ಪಳ, ಗಂಗಾವತಿ ಕಡೆ ಮೂರಡಿ ತೋಡುವಷ್ಟರಲ್ಲಿ ಬಂಡೆ ಸಿಕ್ಕರೆ ಪೈಪಿನ ಹಟ ಬಿಡಬೇಕು: ಅರ್ಧ ಮೀಟರ್ ಆಳದ ಕಾಲುವೆ ತೋಡಿ 15 ಮೀಟರಿನಷ್ಟು ಲೋಹದ ಪಟ್ಟಿಯನ್ನು ಅಡ್ಡಲಾಗಿ ಹೂಳಲು ಅದೇ ಮಾನಕದಲ್ಲಿ ಅವಕಾಶವಿದೆ.

ಗುಂಡಿಯಾದ ಮೇಲೆ ಹುಡುಗ ಫೇಸಿಗೂ ಅರ್ಥಿಗೂ ನಡುವೆ ನೂರು ವಾಟಿನ ಬಲ್ಬು ಹಚ್ಚಿ, “ನೋಡಿ ಸರ್, ಝಗ್ಗೆಂದು ಉರಿಯಿತು” ಎಂದ. ಆ ಬಲ್ಬಿನ ರೋಧವೇ 529 ಓಮ್. ಗುಂಡಿ 50 ಓಮ್‌ನಷ್ಟು ಕೆಟ್ಟದ್ದಾಗಿದ್ದರೂ ಬಲ್ಬಿಗೆ 230ರಲ್ಲಿ 210 ವೋಲ್ಟ್ ಸಿಕ್ಕೇ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಗುಂಡಿಯ ನಿಜ ತಿಳಿಯಲು ಅರ್ಥ್ ಟೆಸ್ಟರ್ ತರಿಸಬೇಕಾಯಿತು. ಗುಂಡಿಯ ಖರ್ಚು ಉಳಿಸಲು ಹಸಿರು ತಂತಿಯನ್ನು ನ್ಯೂಟ್ರಲ್‌ಗೆ ಸೇರಿಸುವವರೂ ಇದ್ದಾರೆ. ಹೊರಗೆಲ್ಲೋ ನ್ಯೂಟ್ರಲ್ ಕಡಿದರೆ ಅವರ ಫ್ರಿಜ್ಜಿನ ಬಾಗಿಲೇ ಶಾಕ್ ಹೊಡೆಯುತ್ತದೆ.

ಟಿವಿ ಡಿಷ್‌ನ ದುಂಡು ಕೇಬಲಿಗೆ ಗೋಡೆಯ ಹೊರಗೆ ಗ್ರೌಂಡ್ ಬ್ಲಾಕ್, ಅಂದರೆ ಕೇಬಲಿನ ಹೊರಕವಚವನ್ನು ಅರ್ಥಿಂಗಿಗೆ ಜೋಡಿಸುವ ಲೋಹದ ತುಂಡು, ಹಾಕಿದರೆ ಆಯಿತು. ಸ್ಟಾರ್‌ಲಿಂಕ್‌ನಂಥವುಗಳ ಕೇಬಲ್ ಈಥರ್ನೆಟ್ ಜಾತಿಯದು, ಡಿಷ್‌ಗೆ ಬೇಕಾದ ವಿದ್ಯುತ್ತೂ ಅದರಲ್ಲೇ ಹೋಗುತ್ತದೆ. ಆ ಬ್ಲಾಕ್ ಅದಕ್ಕೆ ಹೊಂದುವುದಿಲ್ಲ. ಆ ವಿದ್ಯುತ್ತನ್ನು ತಾಳುವ, ಸಿಡಿಲಿನ ಅಲೆಯನ್ನು ಮಾತ್ರ ನೆಲಕ್ಕಿಳಿಸುವ ಸರ್ಜ್ ರಕ್ಷಕವನ್ನೇ ಹುಡುಕಬೇಕು. ಮೇಷ್ಟ್ರು ಈಗ ಮೋಡ ಕಪ್ಪಾಗುತ್ತಿದ್ದಂತೆಯೇ, ಗುಡುಗುವ ಮುಂಚೆ, ಟಿವಿಯ ಪ್ಲಗ್ಗನ್ನೂ ಡಿಷ್ ಕೇಬಲನ್ನೂ ಒಟ್ಟಿಗೆ ಕೀಳುತ್ತಾರೆ. ಒಂದನ್ನೇ ಕಿತ್ತರೆ ಒಂದು ಕಾಲು ಬಂಡೆಯ ಮೇಲೇ ಉಳಿಯಿತಲ್ಲ ಎನ್ನುತ್ತಾರೆ.