ಆ ಖಾಲಿ ಸೆಲ್‌ಗೆ ಸೊನ್ನೆ ಹಾಕಿದ್ದು ಯಾರು?

ಒಂದು ಸಮುದ್ರ ಸರ್ವೆಯ ಡೇಟಾದಲ್ಲಿ ಏಡಿಗಳು ಮೂರು ವರ್ಷ ಕಾಣೆಯಾಗಿದ್ದವು. ಅದಕ್ಕೂ ಮುಂಚೆ ಇದ್ದವು, ಆಮೇಲೆ ಮತ್ತೆ ಬಂದವು. ನಡುವಿನ ಮೂರು ವರ್ಷ ಮಾತ್ರ ಮಾದರಿ ತೆಗೆಯುವ ಎಲ್ಲ ಸ್ಟೇಷನ್‌ಗಳಲ್ಲೂ ಸೊನ್ನೆ, ಸೊನ್ನೆ, ಸೊನ್ನೆ. ಗ್ರಾಫ್ ನೋಡಿದರೆ ಎದೆ ಧಸಕ್ ಅನ್ನುವಂತಿತ್ತು. ಪಕ್ಕದಲ್ಲಿ ನೀರಿನ ತಾಪಮಾನದ ಗೆರೆ ಇಟ್ಟರೆ ಅದೂ ಇದೂ ಸ್ವಲ್ಪ ತಾಳೆಯಾಗುತ್ತಿತ್ತು. ವರದಿಯ ಕರಡಿನಲ್ಲಿ ಆಗಲೇ ‘ತೀವ್ರ ಕುಸಿತ’ ಅಂತ ಬರೆದಾಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಆ ಮೂರು ವರ್ಷ ಏಡಿ ಎಣಿಸಿದ್ದು ಯಾರು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯರೊಬ್ಬರಿಗೆ ನೆನಪಾಯಿತು. ಏಡಿ ಗುರುತಿಸುತ್ತಿದ್ದವರು ಬೇರೆ ಕೆಲಸಕ್ಕೆ ಹೋಗಿದ್ದರು. ಹೊಸಬರು ಬರುವ ತನಕ ಬಲೆಗೆ ಬಿದ್ದ ಮೀನನ್ನಷ್ಟೇ ಎಣಿಸಿ, ಏಡಿಗಳನ್ನು ವಾಪಸ್ ನೀರಿಗೆ ಎಸೆದಿದ್ದರು. ಫೈಲಿನಲ್ಲಿ ಏಡಿಯ ಕಾಲಂ ಮೂರು ವರ್ಷ ಖಾಲಿ ಇತ್ತು. ಯಾರೋ ಒಬ್ಬರು, ಖಾಲಿ ಇದ್ದರೆ ಚೆನ್ನಾಗಿ ಕಾಣಲ್ಲ ಅಂತ, ಅಷ್ಟಕ್ಕೂ ಸೊನ್ನೆ ತುಂಬಿದ್ದರು.

ಸಮುದ್ರದ ಡೇಟಾ ಒಟ್ಟುಗೂಡಿಸುವ ಕೆಲಸ ನನ್ನದು. ಒಂದು ಕಡೆ ನೀರಿನ ಅಳತೆಗಳು: ತಾಪಮಾನ, ಉಪ್ಪಿನಂಶ, ಆಮ್ಲಜನಕ, ಪೋಷಕಾಂಶ. ಇನ್ನೊಂದು ಕಡೆ ಜೀವಿಗಳು: ಯಾವುದು, ಎಲ್ಲಿ, ಎಷ್ಟು. ಎರಡನ್ನೂ ಒಂದೇ ಡೇಟಾಬೇಸ್‌ನಲ್ಲಿ ಕೂರಿಸಬೇಕು. ಇದರಲ್ಲಿ ಕಷ್ಟ ಯಾವುದು ಅಂತ ಕೇಳಿದರೆ ಜನ ಸಾಮಾನ್ಯವಾಗಿ ಪ್ರಭೇದಗಳ ಹೆಸರಿನ ಗೊಂದಲ ಅನ್ನುತ್ತಾರೆ. ಗೊಂದಲ ಇರುವುದು ನಿಜ. ಲಿಟೊರೀನಾ ಸ್ಯಾಕ್ಸಾಟಿಲಿಸ್ ಎಂಬ ಒಂದು ಸಣ್ಣ ಸಮುದ್ರ ಬಸವನಹುಳುವಿಗೆ ಬೇರೆ ಬೇರೆ ಕಾಲದಲ್ಲಿ ನೂರಕ್ಕೂ ಹೆಚ್ಚು ಹೆಸರು ಬಿದ್ದಿವೆ. ಆದರೆ ವರ್ಮ್ಸ್ ಎಂಬ, ಸಮುದ್ರ ಜೀವಿಗಳ ಹೆಸರುಗಳ ಜಾಗತಿಕ ಪಟ್ಟಿ ಇದೆ, ಅದರಲ್ಲಿ ಪ್ರತಿ ಹೆಸರಿಗೂ ಆಫಿಯಾ ಎಂಬ ಒಂದು ಗುರುತಿನ ಸಂಖ್ಯೆ ಇದೆ. ಹಳೆ ಹೆಸರು ಕೊಟ್ಟರೆ ಈಗ ಒಪ್ಪಿತವಾದ ಹೆಸರು ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ, ಹೆಚ್ಚೆಂದರೆ ಒಂದು ವಾರದ್ದು. ಅಳತೆಯ ಯೂನಿಟ್ಟುಗಳನ್ನೂ ಹೀಗೇ ಸರಿಮಾಡಬಹುದು.

ನನಗೆ ತಲೆ ಕೆಡುವುದು ಸೊನ್ನೆಯ ವಿಷಯದಲ್ಲಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಬೇಸರ ಮಾಡ್ಕೋಬೇಡಿ.

ಸೊನ್ನೆ ಅಂದರೆ ‘ಹುಡುಕಿದೆವು, ಸಿಗಲಿಲ್ಲ’. ಖಾಲಿ ಅಂದರೆ ‘ಗೊತ್ತಿಲ್ಲ’. ಮೊದಲನೆಯದು ಒಂದು ಅಳತೆ. ಯಾರೋ ದೋಣಿ ಹತ್ತಿ, ಬಲೆ ಎಳೆದು, ಬಿದ್ದಿದ್ದನ್ನೆಲ್ಲ ಟ್ರೇನಲ್ಲಿ ಹರಡಿ ನೋಡಿ, ಇಲ್ಲ ಅಂತ ಬರೆದಿದ್ದಾರೆ. ಅದರ ಹಿಂದೆ ಒಂದಿಡೀ ದಿನದ ದುಡಿಮೆ ಇದೆ. ಎರಡನೆಯದರ ಹಿಂದೆ ಏನೂ ಇಲ್ಲ. ಎರಡನ್ನೂ ಒಂದೇ ಮಾಡಿದರೆ ಇಬ್ಬರಿಗೂ ಅನ್ಯಾಯ: ದುಡಿದವರಿಗೂ, ಏಡಿಗೂ.

ಲೆಕ್ಕದಲ್ಲೇ ನೋಡಿ. ಐದು ಸಲ ಬಲೆ ಎಳೆದಿದ್ದಾರೆ. ಮೂರು ಸಲದ ಎಣಿಕೆ 12, 8, 10. ಉಳಿದ ಎರಡು ಸಲ ಎಣಿಸಿಲ್ಲ, ಹಾಗಾಗಿ ಖಾಲಿ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟರೆ ಸರಾಸರಿ 10. ಸೊನ್ನೆ ತುಂಬಿದರೆ 6. ಸಮುದ್ರದಲ್ಲಿ ಒಂದು ಜೀವಿಯೂ ಸತ್ತಿಲ್ಲ, ನಿಮ್ಮ ಕೀಬೋರ್ಡ್ ಮೇಲೆ ನೂರಕ್ಕೆ 40 ಭಾಗ ಸತ್ತುಹೋದವು. ಇದರ ತದ್ವಿರುದ್ಧವೂ ಅಷ್ಟೇ ಕೆಟ್ಟದ್ದು. ಸೊನ್ನೆಗಳಿಂದ ಏನು ಉಪಯೋಗ, ಫೈಲು ಸುಮ್ನೆ ದಪ್ಪ ಆಗುತ್ತೆ ಅಂತ ನಿಜವಾದ ಸೊನ್ನೆಗಳನ್ನೇ ಅಳಿಸಿ ಕಳಿಸುವವರಿದ್ದಾರೆ. ಆಗ ಜೀವಿ ಸಿಕ್ಕ ಜಾಗಗಳಷ್ಟೇ ಉಳಿಯುತ್ತವೆ. ಸಮುದ್ರದ ತುಂಬ ಅದೇ ಇದೆಯೇನೋ ಅನ್ನಿಸುತ್ತದೆ.

ಬೇಕಂತಲೇ ಯಾರೂ ಹೀಗೆ ಮಾಡುವುದಿಲ್ಲ, ಒಪ್ಪುತ್ತೇನೆ. ಎಷ್ಟೋ ಸಲ ತಪ್ಪು ಯಂತ್ರದ್ದೇ. ಎಕ್ಸೆಲ್‌ನಲ್ಲಿ ಒಂದು ಖಾಲಿ ಸೆಲ್ ಇದೆ ಅಂದುಕೊಳ್ಳಿ. ಇನ್ನೊಂದು ಹಾಳೆಯಿಂದ ಅದನ್ನು ‘ಈಕ್ವಲ್ ಟು’ ಹಾಕಿ ಎಳೆದುಕೊಂಡರೆ ಅಲ್ಲಿ ಸೊನ್ನೆ ಬರುತ್ತದೆ. ಯಾರೂ ಟೈಪ್ ಮಾಡಿಲ್ಲ, ತಾನಾಗಿಯೇ ಹುಟ್ಟಿತು! ಡೇಟಾಬೇಸ್ ಈ ವಿಷಯದಲ್ಲಿ ಪಾಪ, ಪ್ರಾಮಾಣಿಕ. ಅದರಲ್ಲಿ ‘ನಲ್’ ಅಂತಲೇ ಬೇರೆ ಗುರುತಿದೆ, ಸರಾಸರಿ ತೆಗೆಯುವಾಗ ನಲ್‌ಗಳನ್ನು ಅದು ಬಿಟ್ಟೇ ಲೆಕ್ಕ ಹಾಕುತ್ತದೆ. ಆದರೆ ಒಂದು ಕಾಲಂಗೆ ಇನ್ನೊಂದನ್ನು ಕೂಡಿಸುವಾಗ ಒಂದರಲ್ಲಿ ನಲ್ ಇದ್ದರೂ ಉತ್ತರ ನಲ್ ಬರುತ್ತದೆ, ಗ್ರಾಫ್ ನಡುವೆ ತುಂಡಾಗುತ್ತದೆ. ಅದಕ್ಕೆ ಪ್ರೋಗ್ರಾಂ ಬರೆಯುವ ಹುಡುಗರು ‘ನಲ್ ಇದ್ದರೆ ಸೊನ್ನೆ ಅಂತ ತಿಳಿ’ ಅನ್ನುವ ಒಂದು ಸಾಲು ಸೇರಿಸಿಬಿಡುತ್ತಾರೆ. ಬುದ್ಧಿವಂತ ಹುಡುಗರೇ. ಆ ಸಾಲು ನೋಡಿದಾಗೆಲ್ಲ ನನ್ನ ಬಿ.ಪಿ. ಏರುತ್ತದೆ.

ಇಂಥ ಸುಳ್ಳು ಸೊನ್ನೆಗಳ ಎಲ್ಲಕ್ಕಿಂತ ದೊಡ್ಡ ಕಾರ್ಖಾನೆ ಅಂದರೆ ಫೈಲುಗಳನ್ನು ಸೇರಿಸುವ ಹಂತ. ಒಂದು ಸರ್ವೆಯವರು ಮೀನು ಮಾತ್ರ ಎಣಿಸಿದ್ದಾರೆ. ಇನ್ನೊಂದರಲ್ಲಿ ಮೀನು, ಏಡಿ, ಸೀಗಡಿ. ಮೂರನೆಯದರಲ್ಲಿ ತಳದ ಹುಳುಗಳು. ಪ್ರತಿ ಫೈಲೂ ತನ್ನಷ್ಟಕ್ಕೆ ಸರಿಯಾಗಿಯೇ ಇದೆ, ಒಂದೂ ತಪ್ಪಿಲ್ಲ. ಮೂರನ್ನೂ ಸೇರಿಸಿ, ಪ್ರಭೇದಗಳನ್ನು ಕಾಲಂ ಮಾಡಿ, ಸ್ಟೇಷನ್‌ಗಳನ್ನು ಸಾಲು ಮಾಡಿ ಹರಡಿದ ಕೂಡಲೇ ಸಾವಿರಾರು ಸೆಲ್‌ಗಳು ಖಾಲಿ ಬೀಳುತ್ತವೆ. ಅಲ್ಲಿ ಸೊನ್ನೆ ತುಂಬಿದರೆ, ಮೀನು ಎಣಿಸಿದವರ ಬಾಯಲ್ಲಿ ‘ಏಡಿ ಇರಲಿಲ್ಲ’ ಅಂತ ಹೇಳಿಸಿದ ಹಾಗೆ. ಅವರು ಏಡಿಯ ಮಾತೇ ಎತ್ತಿರಲಿಲ್ಲ!

ಹಳೆಯ, ಹೆಸರಾಂತ ಸರ್ವೆಗಳಲ್ಲೂ ಈ ಎಚ್ಚರ ಬೇಕು. ಕಂಟಿನ್ಯುಯಸ್ ಪ್ಲಾಂಕ್ಟನ್ ರೆಕಾರ್ಡರ್ ಅಂತ ಒಂದು ಸರ್ವೆ ಇದೆ. 1931ರಿಂದ ಸರಕು ಹಡಗುಗಳ ಹಿಂದೆ ಒಂದು ಉಪಕರಣ ಕಟ್ಟಿ, ರೇಷ್ಮೆ ಬಟ್ಟೆಯ ಮೇಲೆ ತೇಲುಜೀವಿಗಳನ್ನು ಹಿಡಿಯುತ್ತಾ ಬಂದಿದ್ದಾರೆ. ನಮ್ಮ ಕಸುಬಿನ ಹೆಮ್ಮೆ ಅದು. ಅದರಲ್ಲಿ ಕ್ಯಾಲನಸ್ ಎಂಬ ಪುಟ್ಟ ಜೀವಿಯ ಎರಡು ಪ್ರಭೇದಗಳನ್ನು ಬೇರೆ ಬೇರೆಯಾಗಿ ಎಣಿಸಲು ಶುರು ಮಾಡಿದ್ದು 1958ರಲ್ಲಿ. ಅದಕ್ಕೂ ಹಿಂದೆ ಎರಡೂ ಒಂದೇ ಲೆಕ್ಕ. ಇದು ಗೊತ್ತಿಲ್ಲದವರು ಒಟ್ಟು ಪಟ್ಟಿಯಲ್ಲಿ ಖಾಲಿ ಕಂಡಲ್ಲೆಲ್ಲ ಸೊನ್ನೆ ಹಾಕಿದರೆ, ಎರಡು ಹೊಸ ಪ್ರಭೇದಗಳು 1958ರಲ್ಲಿ ಆಕಾಶದಿಂದ ಉದುರಿದಂತೆ ಕಾಣುತ್ತದೆ. ಆ ಸರ್ವೆಯವರು ಇದನ್ನೇನೂ ಮುಚ್ಚಿಟ್ಟಿಲ್ಲ, ಬರೆದೇ ಇಟ್ಟಿದ್ದಾರೆ. ಓದುವ ತಾಳ್ಮೆ ನಮಗಿರಬೇಕು ಅಷ್ಟೇ.

ಎಣಿಕೆ ಬಿಟ್ಟು ಬೇರೆ ಕಾಲಂಗಳಿಗೆ ಬಂದರೂ ಈ ಸೊನ್ನೆ ಬೆನ್ನು ಬಿಡುವುದಿಲ್ಲ. ಅಕ್ಷಾಂಶ ಖಾಲಿ, ರೇಖಾಂಶ ಖಾಲಿ. ಎರಡಕ್ಕೂ ಸೊನ್ನೆ ಬಿತ್ತು. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ, ಸಮಭಾಜಕ ವೃತ್ತವೂ ಗ್ರೀನಿಚ್ ರೇಖೆಯೂ ಕೂಡುವ ಜಾಗಕ್ಕೆ ನಿಮ್ಮ ಮಾದರಿಗಳೆಲ್ಲ ಹೋಗಿ ಕೂರುತ್ತವೆ. ಡೇಟಾ ಕೆಲಸದವರು ಆ ಜಾಗವನ್ನು ತಮಾಷೆಗೆ ‘ನಲ್ ಐಲ್ಯಾಂಡ್’ ಅನ್ನುತ್ತಾರೆ. ದ್ವೀಪವೇನೂ ಇಲ್ಲ, ಬರೀ ನೀರು. ನೆಲದ ಪ್ರಾಣಿಗಳ ಡೇಟಾದಲ್ಲಿ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ, ಆನೆ ಸಮುದ್ರದ ನಡುವೆ ನಿಂತಿರುತ್ತಲ್ಲ. ನಮ್ಮಲ್ಲಿ ಹಾಗಲ್ಲ. ನಾವು ಮಾಡುವ ಮೊದಲ ತಪಾಸಣೆಯೇ ‘ಈ ಬಿಂದು ನೀರಿನಲ್ಲಿದೆಯಾ, ನೆಲದ ಮೇಲಿದೆಯಾ’ ಅಂತ. ನಲ್ ಐಲ್ಯಾಂಡ್ ನೀರಿನಲ್ಲಿದೆ. ಪಾಸ್!

ತಾಪಮಾನವೂ ಹಾಗೇ. ಸೊನ್ನೆ ಡಿಗ್ರಿ ಸಮುದ್ರ ಎಲ್ಲಿರುತ್ತೆ, ಅಂಥದ್ದನ್ನು ತೆಗೆದುಹಾಕಿದರಾಯಿತು ಅಂತ ಒಬ್ಬರು ನನಗೆ ಸಲಹೆ ಕೊಟ್ಟರು. ಸಾಮಾನ್ಯ ಉಪ್ಪಿನಂಶದ ಸಮುದ್ರದ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿಗೆ. ಧ್ರುವದ ಕಡೆ ಸೊನ್ನೆ ಡಿಗ್ರಿ ನೀರು ಬೇಕಾದಷ್ಟಿದೆ. ಸಮುದ್ರದಲ್ಲಿ ತೇಲುತ್ತಾ ತಾಪಮಾನ, ಉಪ್ಪಿನಂಶ ಅಳೆಯುವ ಆರ್ಗೋ ಎಂಬ ತೇಲುಯಂತ್ರಗಳ ಡೇಟಾಗೆ ಮಾಡುವ ಮಿತಿ ಪರೀಕ್ಷೆಯಲ್ಲಿ ಮೈನಸ್ 2.5ರಿಂದ 40 ಡಿಗ್ರಿ ತನಕ ಎಲ್ಲವೂ ಪಾಸ್. ಅಲ್ಲೂ ಕಳ್ಳ ಸೊನ್ನೆ ಆರಾಮಾಗಿ ನುಸುಳುತ್ತದೆ. ಹಿಂದಿನವರು ಗೊತ್ತಿಲ್ಲದ ಕಡೆ ಮೈನಸ್ 999 ಅಂತ ಹಾಕುತ್ತಿದ್ದರು. ಅದೂ ಒಳ್ಳೆಯ ಪದ್ಧತಿಯಲ್ಲ, ಆದರೆ ಮೈನಸ್ 999 ಕಣ್ಣಿಗೆ ಕುಕ್ಕುತ್ತದೆ. ಸೊನ್ನೆ ಸಾಧುವಿನ ಹಾಗೆ ಮುಖ ಮಾಡಿಕೊಂಡು ಕೂತಿರುತ್ತದೆ.

ಆಳ ಗೊತ್ತಿಲ್ಲದ ಕಡೆ ಸೊನ್ನೆ ಬಿದ್ದರೆ ಆಳಸಮುದ್ರದ ಮೀನು ಮೇಲ್ಮೈಗೆ ಬರುತ್ತದೆ. ಅದಕ್ಕೆ ಮೇಲ್ಮೈಯ ಬೆಚ್ಚನೆ ತಾಪಮಾನ ಜೋಡಿಯಾಗುತ್ತದೆ. ಆಮೇಲೆ ‘ಈ ಮೀನು ಎಷ್ಟು ಬಿಸಿ ತಡೆಯುತ್ತೆ’ ಅಂತ ಒಂದು ಲೆಕ್ಕ ಹೊರಡುತ್ತದೆ. ಸಮಯ ಬರೆಯದೆ ಬರೀ ತಾರೀಖು ಕೊಟ್ಟರೆ ಎಷ್ಟೋ ಸಾಫ್ಟ್‌ವೇರ್‌ಗಳು 00:00:00 ಅಂತ ತುಂಬಿಕೊಳ್ಳುತ್ತವೆ. ನಡುರಾತ್ರಿ! ಎಷ್ಟೋ ತೇಲುಜೀವಿಗಳು ಹಗಲು ಆಳದಲ್ಲಿದ್ದು ರಾತ್ರಿ ಮೇಲೆ ಬರುತ್ತವೆ ಅನ್ನುವುದು ನಿಮಗೆ ಗೊತ್ತೇ ಇದೆ. ಹಗಲು 11 ಗಂಟೆಗೆ ತೆಗೆದ ಮಾದರಿ ನಡುರಾತ್ರಿಯದು ಅಂತಾದರೆ ಆ ಕತೆ ಪೂರ್ತಿ ಉಲ್ಟಾ.

ಇನ್ನೊಂದು ಸೂಕ್ಷ್ಮ ಇದೆ, ಅದು ಪೋಷಕಾಂಶಗಳದ್ದು. ನೈಟ್ರೇಟ್ ಅಳೆದಿದ್ದಾರೆ, ಆದರೆ ಉಪಕರಣ ಹಿಡಿಯಬಲ್ಲ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಇದೆ. ಇದು ಖಾಲಿಯೂ ಅಲ್ಲ, ಸೊನ್ನೆಯೂ ಅಲ್ಲ. ‘ಇಷ್ಟಕ್ಕಿಂತ ಕಡಿಮೆ’ ಅನ್ನುವುದೇ ಅದರ ಉತ್ತರ. ಯುರೋಪಿನ ಸಮುದ್ರ ಡೇಟಾ ಜಾಲವಾದ ಸೀಡೇಟಾನೆಟ್‌ನ ಗುಣಮಟ್ಟದ ಗುರುತುಗಳಲ್ಲಿ, ಅಂದರೆ ಅಳತೆಯನ್ನು ಎಷ್ಟು ನಂಬಬಹುದು ಅಂತ ತಿಳಿಸಲು ಪಕ್ಕದಲ್ಲಿ ಹಾಕುವ ಅಂಕಿಗಳಲ್ಲಿ, ಇದಕ್ಕೆಂದೇ 6 ಅನ್ನುವ ಅಂಕಿ ಇದೆ. ಬಳಸಿ. ಹಾಗೆ ಬಳಸುವಾಗ ಯಾವ ಪದ್ಧತಿಯ ಗುರುತು ಅಂತಲೂ ಬರೆಯಿರಿ. ಯಾಕೆಂದರೆ 2 ಅಂದರೆ ಆರ್ಗೋದಲ್ಲಿ ‘ಬಹುಶಃ ಸರಿ’. ಯುನೆಸ್ಕೋದ ಸಾಗರ ಆಯೋಗದ ಡೇಟಾ ವಿಭಾಗದ ಪಟ್ಟಿಯಲ್ಲಿ ಅದೇ 2 ಅಂದರೆ ‘ಪರೀಕ್ಷಿಸಿಲ್ಲ’. ಎರಡನ್ನೂ ಕಣ್ಣುಮುಚ್ಚಿ ಬೆರೆಸಿದವರನ್ನು ನಾನು ನೋಡಿದ್ದೇನೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ದೊಡ್ಡ ಸಾಫ್ಟ್‌ವೇರ್ ಬೇಡ. ಪ್ರತಿ ಸರ್ವೆಯ ಜೊತೆ ಒಂದು ಚಿಕ್ಕ ಪಟ್ಟಿ ಇಡಿ: ನಾವು ಹುಡುಕಿದ್ದು ಏನೇನು. ಸಿಕ್ಕಿದ್ದರ ಪಟ್ಟಿಯಲ್ಲ, ಹುಡುಕಿದ್ದರ ಪಟ್ಟಿ. ಈ ವ್ಯತ್ಯಾಸವನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆ ಪಟ್ಟಿಯಲ್ಲಿ ಇದ್ದು, ಬಲೆಯಲ್ಲಿ ಸಿಗದಿದ್ದರೆ ಅದು ಸೊನ್ನೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ಖಾಲಿ. ಜೊತೆಗೆ ಎಷ್ಟು ಹೊತ್ತು ಬಲೆ ಎಳೆದಿರಿ, ಬಲೆಯ ಕಣ್ಣು ಎಷ್ಟು ದೊಡ್ಡದು, ಎಷ್ಟು ನೀರು ಸೋಸಿದಿರಿ, ಅದೂ ಇರಲಿ. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಸೀಗಡಿ ಸಿಗಲಿಲ್ಲ ಅನ್ನುವುದು ಸೊನ್ನೆಯೇ ಅಲ್ಲ, ಅಲ್ವಾ?

ಡಾರ್ವಿನ್ ಕೋರ್‌ನಲ್ಲಿ, ಅಂದರೆ ಜೀವಿಗಳ ಡೇಟಾ ಹಂಚಿಕೊಳ್ಳಲು ಎಲ್ಲರೂ ಬಳಸುವ ಕಾಲಂಗಳ ಪಟ್ಟಿಯಲ್ಲಿ, ಇದಕ್ಕೆಲ್ಲ ಜಾಗ ಇದೆ. ‘ಅಕರೆನ್ಸ್ ಸ್ಟೇಟಸ್’ ಎಂಬ ಕಾಲಂನಲ್ಲಿ ‘ಪ್ರೆಸೆಂಟ್’ ಅಥವಾ ‘ಆಬ್ಸೆಂಟ್’ ಅಂತ ಬರೆಯಬಹುದು. ಎಷ್ಟು ಶ್ರಮ ಹಾಕಿದಿರಿ ಅನ್ನುವುದಕ್ಕೆ ಬೇರೆ ಕಾಲಂ ಇದೆ. ಓಬಿಸ್‌ನಲ್ಲಿ, ಅಂದರೆ ಸಾಗರ ಜೀವಿಗಳ ಜಾಗತಿಕ ಡೇಟಾಬೇಸ್‌ನಲ್ಲಿ, ಈಗ 10 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅಲ್ಲಿ ಒಂದೇ ಮಾದರಿಯ ಕೆಳಗೆ ಜೀವಿಗಳನ್ನೂ ನೀರಿನ ಅಳತೆಗಳನ್ನೂ ಜೋಡಿಸಿ ಕೊಡುವ ವ್ಯವಸ್ಥೆಯೂ ಇದೆ. ಕಾಲಂ ಇಲ್ಲ ಅನ್ನುವ ನೆಪ ಯಾರಿಗೂ ಉಳಿದಿಲ್ಲ.

ಒಂದು ಎಚ್ಚರಿಕೆ. ನಾನು ಹೇಳಿದ್ದನ್ನು ಕೇಳಿ ಎಲ್ಲ ಸೊನ್ನೆಗಳನ್ನೂ ಅಳಿಸಲು ಹೊರಡಬೇಡಿ. ಒಂದೇ ತಂಡ, ಒಂದೇ ಪಟ್ಟಿ, ಒಂದೇ ವಿಧಾನ ಅಂತ ಖಚಿತವಾಗಿದ್ದರೆ ಖಾಲಿಯನ್ನು ಸೊನ್ನೆ ಅಂತ ತುಂಬುವುದೇ ಸರಿ. ಮ್ಯೂಸಿಯಂ ಮಾದರಿಗಳಾದರೆ ಸೊನ್ನೆಯ ಮಾತೇ ಬರುವುದಿಲ್ಲ, ಸಿಕ್ಕಿದ್ದನ್ನಷ್ಟೇ ಅವರು ಬಾಟಲಿಗೆ ಹಾಕಿದ್ದಾರೆ. ನಡುವಿನದು ಅನುಮಾನದ ಪ್ರಕರಣಗಳು. ಅವನ್ನು ಫೈಲು ನೋಡಿ ತೀರ್ಮಾನಿಸಲು ನನ್ನಿಂದ ಆಗಲ್ಲ. ದೋಣಿಯಲ್ಲಿದ್ದವರನ್ನು ಕೇಳಬೇಕು. ಅವರು ನಿವೃತ್ತರಾಗುವ ಮುಂಚೆ ಕೇಳಿದರೆ ಒಳ್ಳೆಯದು.

ಹೋದ ವರ್ಷ ಹಾಗೆ ಕೇಳಿದ್ದೆ. ಒಂದು ಪ್ರಯೋಗಾಲಯದ ಹಳೆಯ ಸ್ಟೇಷನ್ ಪುಸ್ತಕಗಳು ಬಂದಿದ್ದವು. ಅದರಲ್ಲಿ ಎಣಿಕೆಯ ಜೊತೆ ಕೆಲವು ಕಡೆ ಅಡ್ಡಗೆರೆ, ಕೆಲವು ಕಡೆ ಖಾಲಿ, ಅಲ್ಲೊಂದು ಇಲ್ಲೊಂದು ಒಳಗೆ ಚುಕ್ಕೆ ಇಟ್ಟ ಸುತ್ತು. ಟೈಪ್ ಮಾಡಿದವರು ಎಲ್ಲಕ್ಕೂ ಸೊನ್ನೆ ಹಾಕಿದ್ದರು. ಪುಸ್ತಕ ಬರೆದ ಸಹಾಯಕರು ನಿವೃತ್ತರಾಗಿ ಹತ್ತು ವರ್ಷದ ಮೇಲಾಗಿತ್ತು. ನಂಬರ್ ಹುಡುಕಿ ಫೋನ್ ಮಾಡಿದೆ.

"ಅಡ್ಡಗೆರೆ ಅಂದ್ರೆ ನೋಡಿದೀನಿ, ಇರಲಿಲ್ಲ. ಖಾಲಿ ಅಂದ್ರೆ ನೋಡೇ ಇಲ್ಲ," ಅಂದರು. "ಇಷ್ಟೂ ಗೊತ್ತಾಗಲ್ವಾ ನಿಮಗೆ?"

"ಗೊತ್ತಾಗುತ್ತೆ ಸರ್. ಈ ಸುತ್ತು, ಒಳಗೊಂದು ಚುಕ್ಕೆ, ಅದೇನು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಅವತ್ತು ಬಾಟಲಿ ಒಡೆದುಹೋಯ್ತು. ಸಾಹೇಬರಿಗೆ ಹೇಳಿರಲಿಲ್ಲ."

ಆ ಪುಸ್ತಕಗಳಲ್ಲಿ ಅಂಥ ಸುತ್ತು 11 ಇವೆ. ಎಲ್ಲದರ ಸೊನ್ನೆ ತೆಗೆದು, ಕಾರಣದ ಕಾಲಂನಲ್ಲಿ ‘ಮಾದರಿ ನಾಶ’ ಅಂತ ಹಾಕಿದ್ದೇನೆ. ಯಾರ ಕೈಯಿಂದ ಅನ್ನುವ ಕಾಲಂ ನಮ್ಮ ಡೇಟಾಬೇಸ್‌ನಲ್ಲಿ ಇಲ್ಲ.